ಟನ್, ಬಿಟಿಯು, ಎಚ್‌ಪಿ, ಕಿಲೋವ್ಯಾಟ್: ಒಂದೇ ಹಾಲ್‌ಗೆ ಮೂರು ಕೊಟೇಶನ್

ಪ್ರಶ್ನೆ: ತಿಪಟೂರಿನ ಹತ್ತಿರ ನಮ್ಮದೊಂದು ಕಲ್ಯಾಣ ಮಂಟಪ ಇದೆ ಸರ್. ಮಹಡಿಯ ಮೇಲಿನ ಚಿಕ್ಕ ಹಾಲ್‌ಗೆ ಎಸಿ ಹಾಕಿಸಬೇಕು. ನಾಮಕರಣ, ನಿಶ್ಚಿತಾರ್ಥಕ್ಕೆ ಅಂತ 150 ಜನ ಕೂರುವ ಜಾಗ. ಮೂರು ಕೊಟೇಶನ್ ಬಂದಿವೆ. ಮೊದಲನೆಯವರು '10 ಟನ್, ಕರೆಂಟ್ 11.5 ಕಿಲೋವ್ಯಾಟ್' ಅಂತ ಬರೆದಿದ್ದಾರೆ. ಎರಡನೆಯವರು '1,20,000 ಬಿಟಿಯು, ಇಇಆರ್ 10.5' ಅಂತ. ಮೂರನೆಯವರು '12 ಎಚ್‌ಪಿ ವಿಆರ್‌ಎಫ್, 33.5 ಕಿಲೋವ್ಯಾಟ್, ಕರೆಂಟ್ 9.8 ಕಿಲೋವ್ಯಾಟ್, ಇಇಆರ್ 3.42' ಅಂತ. ನಮ್ಮ ಮಂಜೂರಾದ ಲೋಡ್ 25 ಕಿಲೋವ್ಯಾಟ್. ಮೂರನೆಯದನ್ನು ನೋಡಿದ ಎಲೆಕ್ಟ್ರಿಷಿಯನ್ 'ಇದು 33 ಕಿಲೋವ್ಯಾಟ್, ಆಗೋದೇ ಇಲ್ಲ' ಅಂದರು. ಜೊತೆಗೆ ರೂಮುಗಳಿಗೆ 2,000 ಲೀಟರ್ ಬಿಸಿನೀರು ಬೇಕು. ಅದಕ್ಕೆ ಹೀಟ್ ಪಂಪಿನವರು 'ಗಂಟೆಗೆ 15,000 ಕಿಲೋಕ್ಯಾಲರಿ, ಕರೆಂಟ್ 4.6 ಕಿಲೋವ್ಯಾಟ್' ಅಂದಿದ್ದಾರೆ. ನಮ್ಮ ಜನರೇಟರ್ 30 ಕೆವಿಎ. ಇವುಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು, ಒಂದೂ ತಿಳಿಯುತ್ತಿಲ್ಲ.

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಮೊದಲ ಎರಡು ಕೊಟೇಶನ್‌ಗಳ ಅಳತೆ ಒಂದೇ. ಹತ್ತು ಟನ್ ಅಂದರೂ ಅಷ್ಟೇ, ಗಂಟೆಗೆ 1,20,000 ಬಿಟಿಯು ಅಂದರೂ ಅಷ್ಟೇ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಮೂರನೆಯದು ಇವೆರಡಕ್ಕಿಂತ ಶೇಕಡಾ 5ರಷ್ಟು ಚಿಕ್ಕದು. ಮತ್ತೆ ನಿಮ್ಮ ಎಲೆಕ್ಟ್ರಿಷಿಯನ್ ಹೆದರಿದ ಆ 33.5 ಕಿಲೋವ್ಯಾಟ್ ಇದೆಯಲ್ಲ, ಅದು ಕರೆಂಟಿನ ಲೆಕ್ಕವೇ ಅಲ್ಲ.

ಅವರನ್ನು ಬಯ್ಯಬೇಡಿ. ಎಲೆಕ್ಟ್ರಿಷಿಯನ್‌ಗೆ ಕಿಲೋವ್ಯಾಟ್ ಅಂದರೆ ಮೀಟರ್ ಮೂಲಕ ಬರುವ ಕರೆಂಟು. ಎಸಿ ಕಂಪನಿಯವರಿಗೆ ಕಿಲೋವ್ಯಾಟ್ ಅಂದರೆ ಹಾಲ್‌ನಿಂದ ಆಚೆ ಸಾಗಿಸುವ ಶಾಖ. ಎರಡಕ್ಕೂ ಒಂದೇ ಹೆಸರು, ಒಂದೇ ಕಾಗದ, ಅಕ್ಕಪಕ್ಕದ ಸಾಲು. ಗೊಂದಲ ಆಗದೇ ಇದ್ದರೆ ಆಶ್ಚರ್ಯ.

ನಿಮ್ಮ ಊರಿನ ಕೊಬ್ಬರಿ ಮಾರುಕಟ್ಟೆಯನ್ನೇ ನೆನಪಿಸಿಕೊಳ್ಳಿ. ಹಮಾಲಿಗಳು ದಿನವಿಡೀ ಮೂಟೆ ಹೊರುತ್ತಾರೆ. ಅವರು ಹೊತ್ತ ಮೂಟೆಗಳ ತೂಕ ಬೇರೆ, ಮಧ್ಯಾಹ್ನ ಉಂಡ ಮುದ್ದೆಯ ತೂಕ ಬೇರೆ. ಎಸಿಯೂ ಒಬ್ಬ ಹಮಾಲಿ. ಅದು ತಂಪನ್ನು ತಯಾರಿಸುವುದಿಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. 33.5 ಅನ್ನುವುದು ಅದು ಹೊರುವ ಮೂಟೆ. 9.8 ಅನ್ನುವುದು ಅದರ ಊಟ. ನಿಮ್ಮ ಮೀಟರ್‌ಗೆ, ಮಂಜೂರಾದ ಲೋಡ್‌ಗೆ, ಜನರೇಟರ್‌ಗೆ ಸಂಬಂಧಪಟ್ಟದ್ದು ಊಟದ ಲೆಕ್ಕ ಮಾತ್ರ. ಕೊಟೇಶನ್ ಕೈಗೆ ಬಂದ ತಕ್ಷಣ ಪೆನ್ಸಿಲ್ ತಗೊಂಡು ಪ್ರತಿ ಕಿಲೋವ್ಯಾಟ್ ಪಕ್ಕದಲ್ಲೂ 'ಶಾಖ' ಅಥವಾ 'ಕರೆಂಟ್' ಅಂತ ಬರೆಯಿರಿ. ನಾನು ಈಗಲೂ ಹಾಗೇ ಮಾಡುತ್ತೇನೆ.

ಈಗ ಟನ್. ಇದು ತೂಕದ ಟನ್ನೇ ಹೌದು, ಆದರೆ ಎಸಿಯ ತೂಕ ಅಲ್ಲ, ಐಸಿನ ತೂಕ. ಯಂತ್ರಗಳು ಬರುವ ಮೊದಲು ತಂಪು ಅಂದರೆ ಐಸ್‌ಗಡ್ಡೆ. ಅಮೆರಿಕದಲ್ಲಿ ಚಳಿಗಾಲದ ಕೆರೆಗಳಿಂದ ಅದನ್ನು ಕೊಯ್ದು ಮಾರುತ್ತಿದ್ದರು. 1833ರಲ್ಲಿ ಬಾಸ್ಟನ್ನಿನ ಫ್ರೆಡೆರಿಕ್ ಟ್ಯೂಡರ್ ಅನ್ನುವ ವ್ಯಾಪಾರಿ ಹಡಗಿನಲ್ಲಿ ಸುಮಾರು 180 ಟನ್ ಐಸ್ ತುಂಬಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಸಮುದ್ರಯಾನದ ನಂತರವೂ ಸುಮಾರು 100 ಟನ್ ಉಳಿದಿತ್ತು! ಚೆನ್ನೈನ ಮರೀನಾ ಎದುರಿಗೆ ವಿವೇಕಾನಂದ ಇಲ್ಲಂ ಅಂತ ಒಂದು ದುಂಡನೆಯ ಕಟ್ಟಡ ಇದೆಯಲ್ಲ, ಅದು 1842ರಲ್ಲಿ ಇದೇ ಅಮೆರಿಕದ ಐಸ್ ಇಡಲು ಕಟ್ಟಿದ್ದು. ಜನ ಈಗಲೂ ಐಸ್ ಹೌಸ್ ಅಂತಲೇ ಕರೆಯುತ್ತಾರೆ.

ಆಮೇಲೆ ಯಂತ್ರಗಳು ಬಂದವು. ಅವುಗಳ ತಂಪನ್ನು ಅಳೆಯಲು ಕರಗುವ ಐಸನ್ನೇ ಅಳತೆಗೋಲು ಮಾಡಿಕೊಂಡರು. ಒಂದು ಟನ್ ಐಸ್ 24 ಗಂಟೆಯಲ್ಲಿ ಪೂರ್ತಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖ ಸಾಗಿಸುವ ಯಂತ್ರ 'ಒಂದು ಟನ್ ಯಂತ್ರ'. ಲೆಕ್ಕ ನೀವೇ ಮಾಡಿ ನೋಡಬಹುದು. ಅಮೆರಿಕದ ಟನ್ 2,000 ಪೌಂಡು, ಅಂದರೆ 907.2 ಕೆ.ಜಿ. ಒಂದು ಕೆ.ಜಿ. ಐಸ್ ಕರಗಲು ಹತ್ತಿರಹತ್ತಿರ 80 ಕಿಲೋಕ್ಯಾಲರಿ ಬೇಕು. ಗುಣಿಸಿ 24ರಿಂದ ಭಾಗಿಸಿದರೆ ಗಂಟೆಗೆ 3,024 ಕಿಲೋಕ್ಯಾಲರಿ. ಇದೇ ಲೆಕ್ಕವನ್ನು ಪೌಂಡಿನಲ್ಲಿ ಮಾಡಿದರೆ 2,000ಕ್ಕೆ 144 ಬಿಟಿಯು ಗುಣಿಸಿ 24ರಿಂದ ಭಾಗಿಸಬೇಕು. ಬರುವುದು ಗಂಟೆಗೆ ಸರಿಯಾಗಿ 12,000 ಬಿಟಿಯು. ಕಿಲೋವ್ಯಾಟ್‌ನಲ್ಲಿ ಅದು 3.517.

ಹಾಗಾಗಿ ಒಂದು ಟನ್ ಅಂದರೆ 'ಮೂರು, ಮೂರೂವರೆ, ಹನ್ನೆರಡು' ಅಂತ ಬಾಯಿಪಾಠ ಮಾಡಿಕೊಳ್ಳಿ. ಮೂರು ಸಾವಿರ ಕಿಲೋಕ್ಯಾಲರಿ, ಮೂರೂವರೆ ಕಿಲೋವ್ಯಾಟ್, ಹನ್ನೆರಡು ಸಾವಿರ ಬಿಟಿಯು. ಅಂಗಡಿಯಲ್ಲಿ ನಿಂತು ಮಾತಾಡಲು ಇಷ್ಟು ಸಾಕು. ಕಾಗದದ ಮೇಲೆ ಲೆಕ್ಕ ಹಾಕುವಾಗ ಮಾತ್ರ 3,024 ಮತ್ತು 3.517 ಬಳಸಿ. ಜಪಾನಿನಲ್ಲಿ 1,000 ಕೆ.ಜಿ.ಯ ಟನ್ ಲೆಕ್ಕದ್ದೂ ಒಂದಿದೆ, ಅದು ಗಂಟೆಗೆ 3,320 ಕಿಲೋಕ್ಯಾಲರಿ. ಹಳೆಯ ಜಪಾನಿ ಕೋಲ್ಡ್ ಸ್ಟೋರೇಜ್ ಯಂತ್ರ ಕೊಳ್ಳುವವರು ಬಿಟ್ಟರೆ ಅದು ಯಾರಿಗೂ ಬೇಡ.

ಬಿಟಿಯು ಅಂದರೆ ಬ್ರಿಟಿಷರ ಕಾಲದ ಶಾಖದ ಅಳತೆ, ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಬೇಕಾದಷ್ಟು. ಒಂದು ಕೆ.ಜಿ. ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡುವುದು ಒಂದು ಕಿಲೋಕ್ಯಾಲರಿ. ಕೆ.ಜಿ.ಯೂ ದೊಡ್ಡದು, ಸೆಲ್ಸಿಯಸ್ ಡಿಗ್ರಿಯೂ ದೊಡ್ಡದು. ಹಾಗಾಗಿ ಒಂದು ಕಿಲೋಕ್ಯಾಲರಿಗೆ ಹೆಚ್ಚುಕಡಿಮೆ ನಾಲ್ಕು ಬಿಟಿಯು, ಕರಾರುವಾಕ್ಕಾಗಿ 3.968. ಒಂದು ಕಿಲೋವ್ಯಾಟ್ ಅಂದರೆ ಗಂಟೆಗೆ 860 ಕಿಲೋಕ್ಯಾಲರಿ, ಅಥವಾ ಗಂಟೆಗೆ 3,412 ಬಿಟಿಯು.

'ಗಂಟೆಗೆ' ಅನ್ನುವ ಮಾತನ್ನು ನಾನು ಬಿಡದೆ ಹೇಳುತ್ತಿದ್ದೇನೆ, ಗಮನಿಸಿದ್ದೀರಾ? ನಿಮ್ಮ ಎರಡನೆಯ ಕೊಟೇಶನ್‌ನವರು ಅದನ್ನು ನುಂಗಿದ್ದಾರೆ. ಅವರೊಬ್ಬರೇ ಅಲ್ಲ, ಇಡೀ ವ್ಯಾಪಾರವೇ ನುಂಗುತ್ತದೆ. ಬರೀ ಬಿಟಿಯು ಅಂದರೆ ಶಾಖದ ಮೊತ್ತ, ಟ್ಯಾಂಕಿನಲ್ಲಿರುವ ನೀರಿನ ಹಾಗೆ. ಗಂಟೆಗೆ ಬಿಟಿಯು ಅಂದರೆ ನಲ್ಲಿಯಿಂದ ನೀರು ಬರುವ ವೇಗ. ಕರೆಂಟಿನಲ್ಲಿ ನಾವು ಇದನ್ನೇ ಉಲ್ಟಾ ಮಾಡುತ್ತೇವೆ. ಕಿಲೋವ್ಯಾಟ್ ಅನ್ನುವುದೇ ವೇಗ, ಅದಕ್ಕೆ 'ಗಂಟೆಗೆ' ಸೇರಿಸಬೇಕಿಲ್ಲ. ಒಂದು ಕಿಲೋವ್ಯಾಟ್ ಒಂದು ಗಂಟೆ ಉರಿದರೆ ಬಿಲ್‌ನಲ್ಲಿ ಒಂದು ಯೂನಿಟ್. 'ಗಂಟೆಗೆ ಎಷ್ಟು ಕಿಲೋವ್ಯಾಟ್ ಎಳೆಯುತ್ತೆ?' ಅಂತ ಕೇಳುವವರು ಕೇಳಬೇಕಿರುವುದು 'ಗಂಟೆಗೆ ಎಷ್ಟು ಯೂನಿಟ್?' ಅಂತ. ಉತ್ತರದ ಅಂಕಿ ಒಂದೇ ಬರುವುದರಿಂದ ಯಾರಿಗೂ ತಪ್ಪು ಗೊತ್ತಾಗುವುದಿಲ್ಲ.

ಇನ್ನೊಂದು ಗುಂಡಿ ಇದೆ, ಅದರಲ್ಲಿ ಸ್ವತಃ ಬಿದ್ದವನು ನಾನು. ಕೆಲಸಕ್ಕೆ ಸೇರಿದ ಹೊಸತು. ಹೊರದೇಶದ ಕ್ಯಾಟಲಾಗ್‌ನಲ್ಲಿ '120 ಎಂಬಿಎಚ್' ಅಂತ ಇತ್ತು. ಎಂ ಅಂದರೆ ಮೆಗಾ, ಅಂದರೆ ಹತ್ತು ಲಕ್ಷ ಅಂತ ನಾನೇ ತೀರ್ಮಾನ ಮಾಡಿ ಪೈಪಿನ ಅಳತೆ ಹಾಕಲು ಕೂತೆ. ಬಂದ ಪೈಪಿನೊಳಗೆ ಮನುಷ್ಯ ತೆವಳಿಕೊಂಡು ಹೋಗಬಹುದಿತ್ತು. ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್ ನಕ್ಷೆ ನೋಡಿ, 'ಏನಪ್ಪಾ, ಕಾವೇರಿ ನೀರು ತರ್ತಿದೀಯಾ?' ಅಂದರು. ಆ ಎಂ ರೋಮನ್ ಅಂಕಿಯ ಎಂ, ಅಂದರೆ ಸಾವಿರ. 120 ಎಂಬಿಎಚ್ ಅಂದರೆ ಗಂಟೆಗೆ 1,20,000 ಬಿಟಿಯು, ನಿಮ್ಮ ಎರಡನೆಯ ಕೊಟೇಶನ್ನೇ. ಎರಡು ಎಂ ಬಂದರೆ ಸಾವಿರದ ಸಾವಿರ, ಹತ್ತು ಲಕ್ಷ. ಪೇಪರ್‌ನಲ್ಲಿ ನೈಸರ್ಗಿಕ ಅನಿಲದ ಬೆಲೆಯನ್ನು 'ಎಂಎಂಬಿಟಿಯುಗೆ ಇಷ್ಟು ಡಾಲರ್' ಅಂತ ಹಾಕುವುದು ಇದೇ ಲೆಕ್ಕದಲ್ಲಿ.

ಮೂರನೆಯ ಕೊಟೇಶನ್ನಿನ ಎಚ್‌ಪಿಗೆ ಬರೋಣ. ನಮ್ಮ ಕಡೆ ಎಚ್‌ಪಿ ಅಂದರೆ ಬೋರ್‌ವೆಲ್ ಮೋಟಾರ್. 5 ಎಚ್‌ಪಿ, ಏಳೂವರೆ ಎಚ್‌ಪಿ ಪಂಪ್‌ಸೆಟ್ ಗೊತ್ತಿಲ್ಲದ ರೈತರಿಲ್ಲ. ಅಲ್ಲಿ ಒಂದು ಎಚ್‌ಪಿ ಅಂದರೆ 746 ವ್ಯಾಟ್. ಆ ಲೆಕ್ಕ ಇಲ್ಲಿ ಹಾಕಿದರೆ 12 ಎಚ್‌ಪಿಗೆ 9 ಕಿಲೋವ್ಯಾಟ್ ಬರುತ್ತದೆ, ಕರೆಂಟಿನ 9.8ಕ್ಕೆ ಹತ್ತಿರ ಇದೆಯಲ್ಲ ಅನ್ನಿಸುತ್ತದೆ. ಆದರೆ ಇದು ಆ ಎಚ್‌ಪಿ ಅಲ್ಲ. ವಿಆರ್‌ಎಫ್ ಅಂದರೆ ಹೊರಗಿನ ಒಂದು ಯೂನಿಟ್‌ಗೆ ಒಳಗಿನ ಹಲವು ಯೂನಿಟ್ ಜೋಡಿಸುವ ಎಸಿ. ಆ ವ್ಯಾಪಾರದಲ್ಲಿ ಎಚ್‌ಪಿ ಒಂದು ಸೈಜಿನ ಹೆಸರು, ಅಂಗಿಯ 40, 42 ನಂಬರಿನ ಹಾಗೆ. 8 ಎಚ್‌ಪಿಗೆ ತಂಪು 22.4 ಕಿಲೋವ್ಯಾಟ್, 10ಕ್ಕೆ 28, 12ಕ್ಕೆ 33.5, ಅಂದರೆ ಎಚ್‌ಪಿಗೆ ಸುಮಾರು 2.8 ಕಿಲೋವ್ಯಾಟ್ ಶಾಖ. ಮಲೇಷಿಯಾದಲ್ಲಿ ಮನೆ ಎಸಿಗೂ ಎಚ್‌ಪಿ ಅನ್ನುತ್ತಾರೆ, ಅಲ್ಲಿ ಒಂದು ಎಚ್‌ಪಿ ಗಂಟೆಗೆ ಸುಮಾರು 9,000 ಬಿಟಿಯು. ಬಾಯ್ಲರ್ ಎಚ್‌ಪಿ ಅಂತ ಮತ್ತೊಂದು ಇದೆ, ಅದು 9.8 ಕಿಲೋವ್ಯಾಟ್ ಶಾಖ. ಒಬ್ಬನೇ ನಟ, ನಾಲ್ಕು ವೇಷ. ಹಾಗಾಗಿ ಎಸಿ ವಿಷಯದಲ್ಲಿ ಎಚ್‌ಪಿಯನ್ನು ಪರಿವರ್ತನೆ ಮಾಡಲು ಹೋಗಲೇಬೇಡಿ. ಪಕ್ಕದ ಕಿಲೋವ್ಯಾಟ್ ನೋಡಿ. 33.5ನ್ನು 3.517ರಿಂದ ಭಾಗಿಸಿದರೆ 9.5 ಟನ್.

ಈಗ ಇಇಆರ್, ಅಂದರೆ ತಿಂದ ಕರೆಂಟಿಗೆ ಎಷ್ಟು ಶಾಖ ಹೊರುತ್ತದೆ ಅನ್ನುವ ಲೆಕ್ಕ. ಎರಡನೆಯವರದ್ದು 10.5, ಮೂರನೆಯವರದ್ದು 3.42. ನೋಡಿದ ತಕ್ಷಣ ಎರಡನೆಯದು ಮೂರು ಪಟ್ಟು ಒಳ್ಳೆಯದು ಅನ್ನಿಸುತ್ತದೆ. ಮೋಸ ಇರಬೇಕು ಅಂತಲ್ಲ, ಅಳತೆ ಬೇರೆ. ಎರಡನೆಯವರು ಅಮೆರಿಕದ ರೀತಿಯಲ್ಲಿ, ಒಂದು ವ್ಯಾಟ್ ಕರೆಂಟಿಗೆ ಗಂಟೆಗೆ ಎಷ್ಟು ಬಿಟಿಯು ಅಂತ ಹೇಳಿದ್ದಾರೆ. ಮೂರನೆಯವರು ಒಂದು ವ್ಯಾಟ್ ಕರೆಂಟಿಗೆ ಎಷ್ಟು ವ್ಯಾಟ್ ಶಾಖ ಅಂತ ಹೇಳಿದ್ದಾರೆ. 10.5ನ್ನು 3.412ರಿಂದ ಭಾಗಿಸಿ, 3.08 ಬರುತ್ತದೆ. ಮೊದಲನೆಯವರು ಇಇಆರ್ ಕೊಟ್ಟಿಲ್ಲ, ನಾವೇ ತೆಗೆಯೋಣ: ಶಾಖ 35.2 (10 ಟನ್‌ಗೆ 3.517 ಗುಣಿಸಿದ್ದು), ಕರೆಂಟ್ 11.5, ಭಾಗಿಸಿದರೆ 3.06. ಅಂದರೆ ಮೊದಲೆರಡೂ ಅಣ್ಣತಮ್ಮಂದಿರು. 10.5 ಅಂತ ದೊಡ್ಡದಾಗಿ ಕಂಡದ್ದಕ್ಕಿಂತ 3.42 ಅನ್ನುವುದೇ ಹೆಚ್ಚು. ಒಂದೇ ಮೂಟೆ ಹೊರಲು ಮೂರನೆಯದು ಶೇಕಡಾ 10ರಷ್ಟು ಕಡಿಮೆ ಉಣ್ಣುತ್ತದೆ. ಅವರು ಹೆಚ್ಚಿನ ಬೆಲೆ ಕೇಳಿದರೆ, ಅದು ಆ ಉಳಿತಾಯಕ್ಕೆ ತಕ್ಕದ್ದೋ ಅಲ್ಲವೋ ಅನ್ನುವುದು ವರ್ಷಕ್ಕೆ ಎಷ್ಟು ಕಾರ್ಯಕ್ರಮ ನಡೆಯುತ್ತವೆ ಅನ್ನುವುದರ ಮೇಲೆ ನಿಂತಿದೆ. ತಿಂಗಳಿಗೆ ನಾಲ್ಕೇ ದಿನ ಓಡುವ ಎಸಿಗೆ ನಾನಂತೂ ಜಾಸ್ತಿ ದುಡ್ಡು ಸುರಿಯುವುದಿಲ್ಲ.

ಮನೆಯ ಎಸಿಯಲ್ಲೂ ಇದನ್ನು ನೋಡಬಹುದು. ಸ್ಟಾರ್ ಸ್ಟಿಕ್ಕರ್ ಮೇಲೆ ತಂಪಿನ ಸಾಮರ್ಥ್ಯವನ್ನು ವ್ಯಾಟ್‌ನಲ್ಲಿ ಹಾಕಿರುತ್ತಾರೆ. 1.5 ಟನ್ ಅಂದರೆ ಲೆಕ್ಕಕ್ಕೆ 5,275 ವ್ಯಾಟ್ ಇರಬೇಕು. ಸ್ಟಿಕ್ಕರ್ ಮೇಲೆ 5,000 ಅಂತ ಇದ್ದರೆ ಅದು 1.42 ಟನ್. ಅಂಗಡಿಯ ಬೋರ್ಡು ಏನೇ ಹೇಳಲಿ, ಸ್ಟಿಕ್ಕರ್ ನಂಬಿ.

150 ಜನರಿಗೆ ಹತ್ತು ಟನ್ ಸಾಕಾ ಅಂತ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಇದಕ್ಕೆ ಒಂದು ಸೊಗಸಾದ ಲೆಕ್ಕ ಇದೆ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 2,000 ಕಿಲೋಕ್ಯಾಲರಿ ಊಟ ಮಾಡುತ್ತಾನೆ ಅಂತ ಇಟ್ಟುಕೊಳ್ಳಿ. ಬಿಸ್ಕತ್ ಪೊಟ್ಟಣದ ಮೇಲೆ ಬರೆದಿರುವುದೂ ಇದೇ ಕಿಲೋಕ್ಯಾಲರಿ. ಉಂಡದ್ದು ಕೊನೆಗೆ ಬಹುಪಾಲು ಮೈಶಾಖವಾಗಿ ಹೊರಗೆ ಹೋಗುತ್ತದೆ. 2,000ವನ್ನು 24ರಿಂದ ಭಾಗಿಸಿದರೆ ಗಂಟೆಗೆ 83. ಅದನ್ನು 860ರಿಂದ ಭಾಗಿಸಿದರೆ 0.097 ಕಿಲೋವ್ಯಾಟ್. ಅಂದರೆ 97 ವ್ಯಾಟ್! ನಾವೆಲ್ಲ ಒಂದೊಂದು ಹಳೇ ಕಾಲದ 100 ವ್ಯಾಟಿನ ಬಲ್ಬು. ಅದು ಹಗಲು ರಾತ್ರಿಯ ಸರಾಸರಿ. ಎಚ್ಚರವಾಗಿ ಕೂತು ಮಾತಾಡುವಾಗ, ಬೆವರಿನ ತೇವವನ್ನೂ ಸೇರಿಸಿ, ತಲೆಗೆ 120 ವ್ಯಾಟ್ ಹಿಡಿಯುವುದು ಸರಿ. 150 ಜನಕ್ಕೆ 18 ಕಿಲೋವ್ಯಾಟ್, ಅಂದರೆ 5 ಟನ್ನಿಗೆ ಸ್ವಲ್ಪ ಮೇಲೆ. ಹತ್ತರಲ್ಲಿ ಅರ್ಧ ಜನರಿಗೇ ಹೋಯಿತು, ಹೋಳಿಗೆ ಊಟ ಮುಗಿಸಿ ಬಂದು ಕೂತವರಿಗೆ!

ಉಳಿದ ಐದು ಟನ್‌ನಲ್ಲಿ ಬಿಸಿಲಿಗೆ ಕಾದ ತಾರಸಿ, ಕಿಟಕಿ, ಲೈಟು, ತೆರೆದುಕೊಂಡೇ ಇರುವ ಬಾಗಿಲು, ಉಸಿರಾಡಲು ಒಳಗೆ ಬಿಡಬೇಕಾದ ಹೊರಗಾಳಿ ಎಲ್ಲ ಸುಧಾರಿಸಬೇಕು. ನಿಮ್ಮ ಹಾಲ್ ಮೇಲೆ ಬರೀ ಆರ್‌ಸಿಸಿ ತಾರಸಿ ಇದ್ದರೆ ಏಪ್ರಿಲ್ ಮಧ್ಯಾಹ್ನಕ್ಕೆ ಇದು ಕಷ್ಟ. ಇನ್ನೊಂದು ಟನ್ ಕೊಳ್ಳುವ ಬದಲು ತಾರಸಿಗೆ ಬಿಸಿಲು ತಡೆಯುವ ಬಿಳಿ ಲೇಪ ಹೊಡೆಸಿ, ಆಮೇಲೆ ಮೂವರನ್ನೂ ಸ್ಥಳಕ್ಕೆ ಕರೆಸಿ ಅಳೆಸಿ. ಹಾಲ್ ನೋಡದೆ ಫೋನಿನಲ್ಲೇ ಟನ್ ಹೇಳುವವರ ಮಾತು ನಂಬಬೇಡಿ.

ಹಾಗೇ, ಹೊರಗಿನ ಯೂನಿಟ್‌ನಿಂದ ಹೊರಬೀಳುವ ಶಾಖ 35.2 ಅಲ್ಲ. ಹೊತ್ತ ಮೂಟೆಯ ಜೊತೆಗೆ ತಿಂದ ಊಟದ ಶಾಖವೂ ಸೇರಿ 46.7 ಕಿಲೋವ್ಯಾಟ್. ಅದನ್ನು ಅಡುಗೆಮನೆಯ ಹಿಂದಿನ ಇಕ್ಕಟ್ಟಿನ ಸಂದಿಯಲ್ಲಿ ಇಡಿಸಬೇಡಿ. ಆ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಂಡು ಏದುಸಿರು ಬಿಡುತ್ತದೆ.

ಬಿಸಿನೀರಿನ ಲೆಕ್ಕ ಸುಲಭ, ಇಲ್ಲಿ ಕಿಲೋಕ್ಯಾಲರಿಯೇ ರಾಜ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಒಂದು ಕಿಲೋಕ್ಯಾಲರಿ. 2,000 ಲೀಟರನ್ನು 25ರಿಂದ 55 ಡಿಗ್ರಿಗೆ ಏರಿಸಲು 60,000. ಯಂತ್ರ ಗಂಟೆಗೆ 15,000 ಕೊಡುತ್ತದೆ, ನಾಲ್ಕು ಗಂಟೆ ಸಾಕು. ಡಿಸೆಂಬರ್‌ನಲ್ಲಿ ನೀರು 20 ಡಿಗ್ರಿ ಇದ್ದರೆ 70,000 ಬೇಕು. ಜೊತೆಗೆ ಚಳಿಯಲ್ಲಿ ಹೀಟ್ ಪಂಪಿನ ಕಸುವೂ ಕುಗ್ಗುತ್ತದೆ. ಐದೂವರೆ, ಆರು ಗಂಟೆ ಅಂತ ಇಟ್ಟುಕೊಳ್ಳಿ.

15,000ವನ್ನು 860ರಿಂದ ಭಾಗಿಸಿದರೆ 17.4 ಕಿಲೋವ್ಯಾಟ್ ಶಾಖ. ಕರೆಂಟ್ 4.6 ಮಾತ್ರ. ಉಳಿದ 12.8 ಎಲ್ಲಿಂದ ಬಂತು? ಹೊರಗಿನ ಗಾಳಿಯಿಂದ. ಹೀಟ್ ಪಂಪ್ ಅಂದರೆ ತಿರುಗಿಸಿ ಇಟ್ಟ ಎಸಿ. ಅದೇ 60,000 ಕಿಲೋಕ್ಯಾಲರಿಯನ್ನು ಮಾಮೂಲಿ ಗೀಸರ್ ಕಾಯಿಲ್‌ನಲ್ಲಿ ಕಾಯಿಸಿದರೆ ಸುಮಾರು 70 ಯೂನಿಟ್ ಬೇಕು, ಇದರಲ್ಲಿ ನಾಲ್ಕು ಗಂಟೆಗೆ 18.4 ಯೂನಿಟ್. ಗ್ಯಾಸಿನಲ್ಲಿ ಆದರೆ, ಒಂದು ಕೆ.ಜಿ.ಗೆ ಸುಮಾರು 10,900 ಕಿಲೋಕ್ಯಾಲರಿ, ಬರ್ನರ್ ಅದರಲ್ಲಿ ಶೇಕಡಾ 80 ನೀರಿಗೆ ಕೊಟ್ಟರೆ ಏಳು ಕೆ.ಜಿ.ಯ ಹತ್ತಿರ ಹೋಗುತ್ತದೆ. 19 ಕೆ.ಜಿ. ಸಿಲಿಂಡರ್‌ನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ನಿಮ್ಮ ಊರಿನ ದರ ಹಾಕಿ ನೋಡಿ.

ಇನ್ನು 25 ಕಿಲೋವ್ಯಾಟ್ ಲೋಡ್. ಊಟದ ಲೆಕ್ಕ ಮಾತ್ರ ಕೂಡಿಸಿ: ಎಸಿ 11.5, ಹೀಟ್ ಪಂಪ್ 4.6, ಒಟ್ಟು 16.1. ಮೂರನೆಯ ಎಸಿ ಆದರೆ 14.4. ಲೈಟು, ಫ್ಯಾನು, ಮೈಕು, ಮಿಕ್ಸರ್, ನೀರಿನ ಮೋಟಾರ್ ಎಲ್ಲ ಸೇರಿ 8ರ ಒಳಗೆ ಇದ್ದರೆ ಈಗಿನ ಲೋಡ್‌ನಲ್ಲೇ ನಡೆಯುತ್ತದೆ. ಎರಡನೆಯವರು ಕರೆಂಟ್ ಎಷ್ಟು ಅಂತ ಬರೆದಿಲ್ಲ, ಆದರೆ 1,20,000ವನ್ನು 10.5ರಿಂದ ಭಾಗಿಸಿದರೆ 11,430 ವ್ಯಾಟ್ ಸಿಗುತ್ತದೆ. ಮೂವರಿಗೂ ಒಂದೇ ಮಾತು ಹೇಳಿ ಕಳಿಸಿ: ಹೊರಗೆ 35 ಡಿಗ್ರಿ ಇರುವಾಗ ಶಾಖ ಎಷ್ಟು ಕಿಲೋವ್ಯಾಟ್, ಅದೇ ಹೊತ್ತಿಗೆ ಕರೆಂಟ್ ಎಷ್ಟು ಕಿಲೋವ್ಯಾಟ್. ಎರಡು ಅಂಕಿ, ಬೇರೆ ಏನೂ ಬೇಡ. ಉತ್ತರ ಕೊಡಲು ತಡವರಿಸುವವರನ್ನು ಅಲ್ಲಿಗೇ ಕೈಬಿಡಬಹುದು.

ಜನರೇಟರ್‌ನ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಸಿಗುವ ಪಾಲಿಗೆ ಪವರ್ ಫ್ಯಾಕ್ಟರ್ ಅನ್ನುತ್ತಾರೆ. 30 ಕೆವಿಎ ಅಂದರೆ 0.8 ಪವರ್ ಫ್ಯಾಕ್ಟರ್‌ಗೆ 24 ಕಿಲೋವ್ಯಾಟ್. ಎಸಿ ಮತ್ತು ಲೈಟು ಸೇರಿ 19ರ ಆಸುಪಾಸು ಆಗುತ್ತದೆ. ಕಂಪ್ರೆಸರ್ ಸ್ಟಾರ್ಟ್ ಆಗುವಾಗ ಒಂದು ಕ್ಷಣ ಜಾಸ್ತಿ ಎಳೆಯುತ್ತದೆ, ಅದಕ್ಕೆ ಮೆಲ್ಲಗೆ ಸ್ಟಾರ್ಟ್ ಮಾಡಿಸುವ ಸಾಫ್ಟ್ ಸ್ಟಾರ್ಟರ್ ಅಥವಾ ವೇಗ ಬದಲಿಸಿಕೊಳ್ಳುವ ಇನ್ವರ್ಟರ್ ಕಂಪ್ರೆಸರ್ ಇದೆಯಾ ಅಂತ ಕೇಳಿಕೊಳ್ಳಿ. ಹೀಟ್ ಪಂಪನ್ನು ಮಾತ್ರ ಜನರೇಟರ್ ಲೈನಿಗೆ ಕೊಡಿಸಬೇಡಿ. ಮುಹೂರ್ತದ ಹೊತ್ತಿಗೆ ಕರೆಂಟ್ ಹೋದರೂ ನೀರು ಹಿಂದಿನ ರಾತ್ರಿಯೇ ಕಾದು ಟ್ಯಾಂಕಿನಲ್ಲಿ ಕೂತಿರುತ್ತದೆ.